ಷೆಡ್ಡು ಮುಚ್ಚಿತು, ನಂಜು ನಡೆಯುತ್ತಲೇ ಇದೆ

ಲೋಹಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಅದರ ನೆಲದಡಿ ಕ್ರೋಮಿಯಂ ಗೇಣುಗೇಣಾಗಿ ಸಾಗುತ್ತಿರುತ್ತದೆ. ಅದು ಎಲ್ಲಿ ಇಳಿಯಿತು, ಎತ್ತ ಹೊರಟಿತು, ಯಾರ ಬಾವಿ ಮುಟ್ಟಿತು? ಮಿಷಿಗನ್ನಿನ ಹೆದ್ದಾರಿಯಿಂದ ಪೀಣ್ಯದ ಬೋರ್‌ವೆಲ್‌ವರೆಗೆ, ನೆಲದೊಳಗಿನ ಒಂದು ಪತ್ತೇದಾರಿ ಕೆಲಸದ ಕಥೆ.

2019ರ ಡಿಸೆಂಬರ್ 20, ಶುಕ್ರವಾರ. ಕ್ರಿಸ್‌ಮಸ್‌ಗೆ ಐದೇ ದಿನ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಮಗ್ಗುಲಲ್ಲೇ ಇರುವ ಊರು ಮ್ಯಾಡಿಸನ್ ಹೈಟ್ಸ್. ಐ-696 ಹೆದ್ದಾರಿ ಇಲ್ಲಿ ಸುತ್ತಲಿನ ನೆಲಮಟ್ಟಕ್ಕಿಂತ ಕೆಳಗೆ, ತೋಡಿದ ಕಾಲುವೆಯಂಥ ದಾರಿಯಲ್ಲಿ ಸಾಗುತ್ತದೆ. ಪಕ್ಕದಲ್ಲಿ ಕಾಂಕ್ರೀಟಿನ ತಡೆಗೋಡೆ. ಆ ದಿನ ಆ ಗೋಡೆಯಿಂದ ಹಸಿರು-ಹಳದಿ ದ್ರವವೊಂದು ಜಿನುಗಿ ರಸ್ತೆಯಂಚಿಗೆ ಇಳಿಯತೊಡಗಿತು.

ವಾಹನಗಳಲ್ಲಿ ಹೋಗುತ್ತಿದ್ದವರು ಕಣ್ಣರಳಿಸಿ ನೋಡಿದರು. ಚಿತ್ರಗಳು ದೇಶವಿಡೀ ಹರಿದಾಡಿದವು. ಪತ್ರಿಕೆಗಳು ಅದನ್ನು ‘ಹಸಿರು ಲೋಳೆ’ ಎಂದು ಕರೆದವು. ಪರೀಕ್ಷಿಸಿದಾಗ ತಿಳಿದದ್ದು, ಅದು ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಬೆರೆತ ಅಂತರ್ಜಲ.

ಗೋಡೆಯ ಮೇಲ್ಗಡೆ ನಿಂತಿದ್ದದ್ದು ‘ಎಲೆಕ್ಟ್ರೋ-ಪ್ಲೇಟಿಂಗ್ ಸರ್ವಿಸಸ್’ ಎಂಬ ಕಾರ್ಖಾನೆಯ ಕಟ್ಟಡ. ಅದು ಬಾಗಿಲು ಹಾಕಿ ಮೂರು ವರ್ಷವಾಗಿತ್ತು. 2016ರ ಡಿಸೆಂಬರ್‌ನಲ್ಲಿ ರಾಜ್ಯದ ಪರಿಸರ ಇಲಾಖೆಯೇ ಅದನ್ನು ಮುಚ್ಚಿಸಿತ್ತು. 2017ರಲ್ಲಿ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಒಳಗಿದ್ದ 5,000ಕ್ಕೂ ಹೆಚ್ಚು ಡ್ರಮ್ಮು, ಡಬ್ಬಿ, ತೊಟ್ಟಿಗಳ ಅಪಾಯಕಾರಿ ತ್ಯಾಜ್ಯವನ್ನು ಸಾಗಿಸಿತ್ತು. ತ್ಯಾಜ್ಯವನ್ನು ಕಾನೂನುಬಾಹಿರವಾಗಿ ಇಟ್ಟುಕೊಂಡದ್ದಕ್ಕೆ ಮಾಲೀಕನಿಗೆ ಒಂದು ವರ್ಷದ ಜೈಲು ಶಿಕ್ಷೆ ಆಗಿತ್ತು. ಪ್ರಕರಣ ಮುಗಿದಂತೆಯೇ ಇತ್ತು.

ಮುಗಿದಿರಲಿಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಗುಂಡಿ ಇತ್ತು. ಅದರೊಳಗಿನ ದ್ರವ ಮಣ್ಣಿಗೆ ಇಳಿದು, ಅಂತರ್ಜಲ ಸೇರಿ, ತಗ್ಗಿನಲ್ಲಿದ್ದ ಹೆದ್ದಾರಿಯ ಕಡೆಗೆ ನಡೆದಿತ್ತು. 2017ರಲ್ಲಿ ನೆಲದ ಮೇಲಿದ್ದದ್ದು ಹೋಯಿತು, ನೆಲದೊಳಗಿದ್ದದ್ದು ಹಾಗೇ ಉಳಿಯಿತು. ಹಳೆಯ ಪ್ಲೇಟಿಂಗ್ ಜಾಗಗಳ ವಿಷಯದಲ್ಲಿ ಮತ್ತೆ ಮತ್ತೆ ಆಗುವ ತಪ್ಪು ಇದೇ.

ತೊಟ್ಟಿಯಿಂದ ನೆಲಕ್ಕೆ

ಬೈಕಿನ ಸೈಲೆನ್ಸರ್, ನಲ್ಲಿಯ ಮೂತಿ, ಹೈಡ್ರಾಲಿಕ್ ಯಂತ್ರದ ದಂಡ, ನಟ್ಟು-ಬೋಲ್ಟು, ಗಿಲೀಟಿನ ಒಡವೆ, ಇವೆಲ್ಲ ಹೊಳೆಯುವುದು, ತುಕ್ಕು ಹಿಡಿಯದೆ ಉಳಿಯುವುದು ವಿದ್ಯುತ್ ಲೇಪನದಿಂದ. ಲೋಹದ ಲವಣ ಕರಗಿದ ದ್ರಾವಣದಲ್ಲಿ ವಸ್ತುವನ್ನು ಮುಳುಗಿಸಿ ವಿದ್ಯುತ್ ಹರಿಸಿದರೆ ದ್ರಾವಣದ ಲೋಹ ವಸ್ತುವಿನ ಮೈಗೆ ಅಂಟಿಕೊಳ್ಳುತ್ತದೆ. ಕೆಲಸದವರ ಬಾಯಲ್ಲಿ ಈ ದ್ರಾವಣದ ತೊಟ್ಟಿ ‘ಬಾತ್’, ಲೇಪಕ್ಕೆ ಬರುವ ವಸ್ತು ‘ಜಾಬ್’.

ಜಾಬ್ ಒಂದೇ ತೊಟ್ಟಿಯಲ್ಲಿ ಮುಗಿಯುವುದಿಲ್ಲ. ಮೊದಲು ಜಿಡ್ಡು ತೆಗೆಯಬೇಕು. ಆಮೇಲೆ ಆಮ್ಲದಲ್ಲಿ ಅದ್ದಬೇಕು, ತೊಳೆಯಬೇಕು, ನಿಕಲ್ ಬಾತ್, ಮತ್ತೆ ತೊಳೆತ, ಕ್ರೋಮ್ ಬಾತ್, ಮತ್ತೆ ತೊಳೆತ. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿ ಒಯ್ಯುವಾಗ ಪ್ರತಿ ಸಲವೂ ಕೆಲವು ಹನಿ ನೆಲಕ್ಕೆ ಬೀಳುತ್ತವೆ. ಆ ನೆಲ ಕಾಂಕ್ರೀಟು. ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ. ವರ್ಷಗಳು ಕಳೆದಂತೆ ನೆಲ ಉದುರಿ, ಬಿರುಕು ಬಿಟ್ಟು, ಬಿರುಕಿನ ಅಂಚು ಹಳದಿಗಟ್ಟುತ್ತದೆ. ಹನಿಗಳಿಗೆ ದಾರಿಯಾಗಲು ಅಷ್ಟು ಸಾಕು.

ಹೀಗೆ ನೆಲ ಸೇರುವುದು ಬರೀ ಕ್ರೋಮಿಯಂ ಅಲ್ಲ. ಸತು, ತಾಮ್ರ, ಕ್ಯಾಡ್ಮಿಯಂ, ಬೆಳ್ಳಿಯ ಬಾತ್‌ಗಳಲ್ಲಿ ಸಯನೈಡ್ ಬಳಕೆ ಹಳೆಯದು. ಜಿಡ್ಡು ತೆಗೆಯಲು ದಶಕಗಳ ಕಾಲ ಬಳಸಿದ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅಂತರ್ಜಲದ ಮೇಲೆ ತೇಲದೆ ತಳ ಸಿಕ್ಕುವವರೆಗೂ ಇಳಿಯುತ್ತದೆ. ಕ್ರೋಮ್ ಬಾತ್‌ನಲ್ಲಿ ಏಳುವ ಗುಳ್ಳೆಗಳು ಒಡೆದು ಕ್ರೋಮಿಕ್ ಆಮ್ಲದ ಮಂಜು ಹಬ್ಬುತ್ತಿತ್ತು. ಕಾರ್ಮಿಕರ ಮೂಗಿನ ಹೊಳ್ಳೆಗಳ ನಡುವಿನ ಗೋಡೆಯನ್ನೇ ತೂತು ಮಾಡುತ್ತಿದ್ದ ಆ ಮಂಜನ್ನು ತಡೆಯಲೆಂದು ಬಾತ್‌ಗೆ ಬೆರೆಸಿದ ರಾಸಾಯನಿಕಗಳಲ್ಲಿ, ಪರಿಸರದಲ್ಲಿ ಸುಲಭವಾಗಿ ಕರಗಿ ಹೋಗದೆ ಉಳಿಯುವ ಪಿಎಫ್‌ಎಎಸ್ ಗುಂಪಿನವೂ ಇದ್ದವು. ಒಳ್ಳೆಯ ಉದ್ದೇಶಕ್ಕೆ ಬಂದ ಮದ್ದು ಇಂದು ಇನ್ನೊಂದು ರೋಗವಾಗಿ ನಿಂತಿದೆ. ಮ್ಯಾಡಿಸನ್ ಹೈಟ್ಸ್‌ನ ನೆಲದಡಿ ಕ್ರೋಮಿಯಂ ಜೊತೆ ಸಯನೈಡ್, ಟ್ರೈಕ್ಲೋರೋಎಥಿಲೀನ್, ಪಿಎಫ್‌ಎಎಸ್ ನಾಲ್ಕೂ ಸಿಕ್ಕವು.

> ಒಂದು ಲೀಟರಿನ ಲೆಕ್ಕ
>
> ಸಾಮಾನ್ಯ ಕ್ರೋಮ್ ಬಾತ್‌ನ ಒಂದು ಲೀಟರಿನಲ್ಲಿ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ ಇರುತ್ತದೆ. ಅದರೊಳಗಿನ ಕ್ರೋಮಿಯಂ ಸುಮಾರು 130 ಗ್ರಾಂ.
>
> ಭಾರತದ ಕುಡಿಯುವ ನೀರಿನ ಮಾನಕದಂತೆ ಒಂದು ಲೀಟರಿನಲ್ಲಿ ಇರಬಹುದಾದ ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ.
>
> ಅಂದರೆ ಒಂದೇ ಲೀಟರ್ ಬಾತ್ 26 ಲಕ್ಷ ಲೀಟರ್ ಶುದ್ಧ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 430ಕ್ಕೂ ಹೆಚ್ಚು ಲೋಡು.

ಒಂದೇ ಲೋಹ, ಎರಡು ಸ್ವಭಾವ

ಕ್ರೋಮಿಯಂ ನೆಲದೊಳಗೆ ಮುಖ್ಯವಾಗಿ ಎರಡು ರೂಪದಲ್ಲಿ ಇರುತ್ತದೆ. ಟ್ರೈವೇಲೆಂಟ್ ರೂಪ ಸೋಮಾರಿ. ನೀರಿನಲ್ಲಿ ಕರಗುವುದು ಕಡಿಮೆ, ಮಣ್ಣಿಗೆ ಅಂಟಿಕೊಂಡು ಬಿದ್ದಲ್ಲೇ ಬಿದ್ದಿರುತ್ತದೆ. ವಿಷವೂ ಕಡಿಮೆ.

ಹೆಕ್ಸಾವೇಲೆಂಟ್ ರೂಪ ಇದಕ್ಕೆ ಪೂರ್ತಿ ಉಲ್ಟಾ. ನೀರಿನಲ್ಲಿ ಅದು ಋಣ ವಿದ್ಯುದಂಶ ಹೊತ್ತ ಕ್ರೋಮೇಟ್ ಆಗಿ ಓಡಾಡುತ್ತದೆ. ಜೇಡಿಮಣ್ಣಿನ ಕಣಗಳದ್ದೂ ಬಹುಮಟ್ಟಿಗೆ ಋಣ ವಿದ್ಯುದಂಶವೇ. ಹಾಗಾಗಿ ಮಣ್ಣು ಅದನ್ನು ಹಿಡಿದಿಡುವುದಿಲ್ಲ. ನೀರು ಹೋದಲ್ಲಿಗೆ, ಬಹುತೇಕ ನೀರಿನ ವೇಗದಲ್ಲೇ, ಅದೂ ಹೋಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ಇದನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅದು ಮುಖ್ಯವಾಗಿ ಉಸಿರಾಡಿದ ಕಾರ್ಮಿಕರ ಶ್ವಾಸಕೋಶದ ಸಾಕ್ಷ್ಯ. ಕುಡಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಬಲವಾದ ಉತ್ತರ ಬಂದದ್ದು 2008ರಲ್ಲಿ: ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದ ಪ್ರಯೋಗದಲ್ಲಿ, ಕುಡಿಯುವ ನೀರಿನಲ್ಲಿ ಇದನ್ನು ಕೊಟ್ಟಾಗ ದೊಡ್ಡ ಇಲಿಗಳ ಬಾಯಲ್ಲೂ ಸಣ್ಣ ಇಲಿಗಳ ಸಣ್ಣ ಕರುಳಲ್ಲೂ ಗೆಡ್ಡೆಗಳು ಎದ್ದವು.

ಇನ್ನೊಂದು ಮೋಸ ಇದೆ. ನೀರಿಗೆ ಹಳದಿ ಛಾಯೆ ಬರುವುದು ಲೀಟರಿಗೆ ಒಂದೆರಡು ಮಿಲಿಗ್ರಾಂ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಮಿತಿಯ ಇಪ್ಪತ್ತರಿಂದ ನಲವತ್ತು ಪಟ್ಟು ಆಗಿರುತ್ತದೆ. ಲೋಟದಲ್ಲಿ ಹಿಡಿದು ನೋಡಿ ‘ನೀರು ತಿಳಿಯಾಗಿದೆ’ ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತದೆ.

ಮೊದಲ ಸಾಕ್ಷಿ ಕಾಗದ

ತನಿಖೆ ಎಂದರೆ ಕೊರೆಯುವ ಯಂತ್ರ ತಂದು ನಿಲ್ಲಿಸುವುದು ಎಂಬ ಭಾವನೆ ಇದೆ. ಕೈಪಳಗಿದ ಭೂಜಲ ವಿಜ್ಞಾನಿ ಮೊದಲು ಹುಡುಕುವುದು ಹಳೆಯ ನಕ್ಷೆ. ತೊಟ್ಟಿಗಳು ಎಲ್ಲಿದ್ದವು? ತೊಳೆದ ನೀರು ಯಾವ ಮೋರಿಗೆ ಹೋಗುತ್ತಿತ್ತು? ಸಂಪು ಎಲ್ಲಿತ್ತು, ಅದರ ಒಳಮೈಗೆ ಆಮ್ಲ ತಡೆಯುವ ಪದರ ಇತ್ತೇ? ಹಿತ್ತಿಲಲ್ಲಿ ಇಂಗುಗುಂಡಿ ಇತ್ತೇ? ಹತ್ತಿಪ್ಪತ್ತು ವರ್ಷದ ಹಿಂದಿನ ವೈಮಾನಿಕ ಚಿತ್ರದಲ್ಲಿ ಕಾಣುವ ಒಂದು ಕಪ್ಪು ಚೌಕ, ಇಂದು ಹುಲ್ಲು ಬೆಳೆದ ಅಂಗಳದಡಿ ಮುಚ್ಚಿಹೋದ ಕೆಸರಿನ ಹೊಂಡವಾಗಿರಬಹುದು.

ರಾಸಾಯನಿಕ ಕೊಂಡ ಬಿಲ್ಲುಗಳು ಇನ್ನೂ ನಿಷ್ಠುರ ಸಾಕ್ಷಿ. ಎಷ್ಟು ಕ್ರೋಮಿಕ್ ಆಮ್ಲ ಒಳಬಂತು, ಎಷ್ಟು ಲೇಪವಾಗಿ ಹೊರಹೋಯಿತು, ಎಷ್ಟು ಕೆಸರು ಕಾನೂನುಬದ್ಧವಾಗಿ ವಿಲೇವಾರಿ ಆಯಿತು ಎಂದು ಕೂಡಿ ಕಳೆದರೆ ಉಳಿಯುವ ಅಂಕಿಗೆ ಮಣ್ಣೇ ಲೆಕ್ಕ ಒಪ್ಪಿಸಬೇಕು.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಹಳೆಯ ಕೆಲಸಗಾರರ ನೆನಪು. ಯಾವ ತೊಟ್ಟಿ ಸೋರುತ್ತಿತ್ತು, ರಾತ್ರಿ ಪಾಳಿಯಲ್ಲಿ ಹಳಸಿದ ಬಾತ್ ಎಲ್ಲಿಗೆ ಸುರಿಯುತ್ತಿದ್ದರು ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ. ಕಾರ್ಖಾನೆ ಮುಚ್ಚಿ ಹತ್ತು ವರ್ಷ ಕಳೆದರೆ ಈ ಸಾಕ್ಷಿಗಳು ಊರು ಬಿಟ್ಟಿರುತ್ತಾರೆ. ತಡಮಾಡಿದ ತನಿಖೆ ಮೊದಲು ಕಳೆದುಕೊಳ್ಳುವುದು ಇವರನ್ನು.

ಇವೆಲ್ಲ ಸೇರಿ ಒಂದು ಊಹಾಚಿತ್ರ ಸಿದ್ಧವಾಗುತ್ತದೆ: ನಂಜು ಇಲ್ಲಿಂದ ಇಳಿದಿರಬೇಕು, ಈ ಪದರದಲ್ಲಿ ಸಾಗಿರಬೇಕು, ಈ ಬಾವಿ ಅಥವಾ ಈ ಹಳ್ಳ ಮುಟ್ಟಿರಬೇಕು. ಮುಂದಿನ ಪ್ರತಿ ರಂಧ್ರವನ್ನೂ ಕೊರೆಯುವುದು ಈ ಊಹೆಯನ್ನು ಪರೀಕ್ಷಿಸಲಿಕ್ಕೆ.

ಮಣ್ಣು, ಆಮೇಲೆ ನೀರು

ತೊಟ್ಟಿ ಇದ್ದ ಕಡೆ ನೆಲ ಒಡೆದು ಕೊಳವೆಯಾಕಾರದ ಮಣ್ಣಿನ ಮಾದರಿಯನ್ನು ಎತ್ತುತ್ತಾರೆ. ಅರ್ಧ ಮೀಟರಿಗೊಂದರಂತೆ ತುಂಡು ಮಾಡಿ ಆಳದ ಗುರುತು ಹಾಕುತ್ತಾರೆ. ಮೇಲ್ಪದರದಲ್ಲಿ ಹೆಚ್ಚು, ಕೆಳಗೆ ಕಡಿಮೆ ಎಂದಾದರೆ ಸಮಾಧಾನ. ಕೆಳಗಿಳಿದಂತೆ ಹೆಚ್ಚುತ್ತಾ ಹೋದರೆ ನಂಜು ನೀರು ಮುಟ್ಟಿದೆ ಎಂದೇ ಲೆಕ್ಕ.

ನೀರಿನ ದಿಕ್ಕು ತಿಳಿಯಲು ಕನಿಷ್ಠ ಮೂರು ನಿಗಾ ಬಾವಿ ಬೇಕು, ಅವು ಒಂದೇ ಗೆರೆಯಲ್ಲಿರದೆ ತ್ರಿಕೋನವಾಗಿರಬೇಕು. ಮೂರರಲ್ಲೂ ನೀರಿನ ಮಟ್ಟವನ್ನು ಸಮುದ್ರಮಟ್ಟಕ್ಕೆ ಹೋಲಿಸಿ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಎತ್ತರದ ಮಟ್ಟದಿಂದ ತಗ್ಗಿನ ಮಟ್ಟದ ಕಡೆಗೆ ನೀರು ಚಲಿಸುತ್ತದೆ. ನೆಲದ ಮೇಲಿನ ಇಳಿಜಾರು ಒಂದು ಕಡೆಗಿದ್ದು, ಒಳಗಿನ ನೀರು ಇನ್ನೊಂದು ಕಡೆಗೆ ಹೊರಟಿರುವುದು ಅಪರೂಪವಲ್ಲ. ಪಕ್ಕದಲ್ಲಿ ಯಾರಾದರೂ ಹಗಲಿರುಳು ಪಂಪು ಓಡಿಸುತ್ತಿದ್ದರೆ ದಿಕ್ಕೇ ತಿರುಗಬಹುದು.

ಈ ವಿದ್ಯೆಯ ದೊಡ್ಡ ಪಾಠಗಳಲ್ಲಿ ಒಂದು ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನದು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೌತ್ ಫಾರ್ಮಿಂಗ್‌ಡೇಲ್‌ನ ವಿಮಾನ ಕಾರ್ಖಾನೆಯ ಪ್ಲೇಟಿಂಗ್ ತ್ಯಾಜ್ಯವನ್ನು ಒಳಪದರವಿಲ್ಲದ ಹೊಂಡಗಳಿಗೆ ಬಿಟ್ಟರು. 1942ರಲ್ಲೇ ನಾಸೌ ಕೌಂಟಿಯ ಆರೋಗ್ಯ ಇಲಾಖೆಗೆ ಬಾವಿಯ ನೀರಿನಲ್ಲಿ ಕ್ರೋಮಿಯಂ ಕಂಡಿತು. 1962ರಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಪರ್ಲ್‌ಮಟರ್ ಮತ್ತು ಆರೋಗ್ಯ ಇಲಾಖೆಯ ಲೀಬರ್ ಸಾಲುಸಾಲಾಗಿ ಸಣ್ಣ ಬಾವಿ ಇಳಿಸಿ, ಬೇರೆ ಬೇರೆ ಆಳದ ನೀರೆತ್ತಿ ಪರೀಕ್ಷಿಸಿದರು. ನೆಲದೊಳಗೆ ನಾಲಿಗೆಯಂತೆ ಚಾಚಿದ ಕೊಳೆಯ ರೂಪ ಸ್ಪಷ್ಟವಾಯಿತು: ಸುಮಾರು 1,300 ಮೀಟರ್ ಉದ್ದ, 300 ಮೀಟರ್ ಅಗಲ, 21 ಮೀಟರ್ ದಪ್ಪ. ಅದರ ತುದಿ ಮಸಾಪೀಕ್ವಾ ಹಳ್ಳದ ದಾರಿ ಹಿಡಿದಿತ್ತು.

ಇಪ್ಪತ್ತು ವರ್ಷಕ್ಕೆ 1,300 ಮೀಟರ್. ದಿನಕ್ಕೆ ಒಂದು ಗೇಣಿಗೂ ಕಡಿಮೆ. ಇಷ್ಟು ನಿಧಾನವಾದ್ದರಿಂದಲೇ ಈ ಅಪಾಯ ಸುದ್ದಿಯಾಗುವುದಿಲ್ಲ. ಆದರೆ ಅದು ನಿಲ್ಲುವುದೂ ಇಲ್ಲ. ಹೊಂಡ ತೋಡಿದವರು ನಿವೃತ್ತರಾದರೂ, ಕಾರ್ಖಾನೆಯ ಹೆಸರು ಬದಲಾದರೂ, ನಾಲಿಗೆ ಮುಂದೆ ಚಾಚುತ್ತಲೇ ಇರುತ್ತದೆ.

ನೇರಳೆಗೆ ತಿರುಗುವ ನೀರು

ಮಾದರಿ ಸಂಗ್ರಹ ಇಡೀ ತನಿಖೆಯ ಸೂಕ್ಷ್ಮ ಘಟ್ಟ. ಬಾವಿಯಲ್ಲಿ ನಿಂತ ನೀರು ಸುತ್ತಲಿನ ಪದರದ ನೀರಲ್ಲ; ಅದನ್ನು ಮೊದಲು ಹೊರಹಾಕಬೇಕು. ಪಂಪನ್ನು ಬಹಳ ನಿಧಾನವಾಗಿ ಓಡಿಸಿ, ಆಮ್ಲೀಯತೆ, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕದ ಅಂಕಿಗಳು ಒಂದೇ ಮಟ್ಟಕ್ಕೆ ಬಂದು ನಿಂತ ಮೇಲಷ್ಟೇ ಸೀಸೆ ತುಂಬಬೇಕು. ಜೋರಾಗಿ ಎಳೆದರೆ ಕೆಸರು ಎದ್ದು, ಮಣ್ಣಿಗಂಟಿದ ಲೋಹವೂ ಲೆಕ್ಕಕ್ಕೆ ಸೇರುತ್ತದೆ.

ನೀರನ್ನು ಅಲ್ಲೇ, ಬಾವಿಯ ಬದಿಯಲ್ಲೇ, ಸೋಸುತ್ತಾರೆ. ಇತರ ಲೋಹಗಳ ಪರೀಕ್ಷೆಗಾದರೆ ಆಮ್ಲ ಬೆರೆಸುವುದು ರೂಢಿ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಆಮ್ಲ ಬೆರೆಸಿದರೆ ಅದು ಟ್ರೈವೇಲೆಂಟ್ ರೂಪಕ್ಕೆ ಬದಲಾಗಿ ಸಾಕ್ಷಿಯೇ ಅಳಿಸಿಹೋಗಬಹುದು. ಆದ್ದರಿಂದ ಸೀಸೆಯನ್ನು ತಣ್ಣಗಿಟ್ಟು, ಸಾಮಾನ್ಯವಾಗಿ 24 ಗಂಟೆಯೊಳಗೆ ಪರೀಕ್ಷೆ ಮುಗಿಸಬೇಕು. ಸರಿಯಾದ ಕ್ಷಾರೀಯ ದ್ರಾವಣ ಬೆರೆಸಿದರೆ ಹೆಚ್ಚು ದಿನ ಇಡಬಹುದು. ಸಂಜೆ ತೆಗೆದ ಮಾದರಿ ವಾರಾಂತ್ಯವಿಡೀ ಕಚೇರಿಯ ಕಪಾಟಿನಲ್ಲಿ ಕುಳಿತರೆ ಆ ವರದಿಯನ್ನು ನಂಬುವಂತಿಲ್ಲ.

ಪರೀಕ್ಷೆ ಮಾತ್ರ ನೋಡಲು ಬಲು ಸರಳ. ಗಾಜಿನ ನಳಿಕೆಯಲ್ಲಿ ತಿಳಿಯಾದ ನೀರು. ಅದಕ್ಕೆ ಸ್ವಲ್ಪ ಆಮ್ಲ, ಆಮೇಲೆ ಡೈಫಿನೈಲ್‌ಕಾರ್ಬಜೈಡ್ ಎಂಬ ರಾಸಾಯನಿಕದ ಕೆಲವು ಹನಿ. ಐದು-ಹತ್ತು ನಿಮಿಷ ಕಾಯಬೇಕು. ಹೆಕ್ಸಾವೇಲೆಂಟ್ ಕ್ರೋಮಿಯಂ ಇದ್ದರೆ ನೀರು ಮೊದಲು ನಸುಗುಲಾಬಿಗೆ, ಆಮೇಲೆ ನೇರಳೆ ಹಣ್ಣಿನ ರಸದ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಅಂಶ ಹೆಚ್ಚು. ಆ ಗಾಢತೆಯನ್ನು 540 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆದರೆ ಅಂಕಿ ಸಿಗುತ್ತದೆ. ಕುಡಿಯಲು ಯೋಗ್ಯವೆಂದು ಕಂಡ ನೀರು ಕಣ್ಣೆದುರೇ ನೇರಳೆಯಾಗುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

> ಮಿತಿ ಎಷ್ಟು?
>
> ಭಾರತ: ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯೂ ಇಷ್ಟೇ.
>
> ಅಮೆರಿಕ: ಒಟ್ಟು ಕ್ರೋಮಿಯಂ 0.1 ಮಿಲಿಗ್ರಾಂ.
>
> ಕ್ಯಾಲಿಫೋರ್ನಿಯಾ: 2024ರ ಅಕ್ಟೋಬರ್‌ನಿಂದ ಹೆಕ್ಸಾವೇಲೆಂಟ್ ಕ್ರೋಮಿಯಂಗೇ ಪ್ರತ್ಯೇಕ ಮಿತಿ, ಲೀಟರಿಗೆ 0.01 ಮಿಲಿಗ್ರಾಂ.
>
> ಇದೇ ಕ್ಯಾಲಿಫೋರ್ನಿಯಾದ ಹಿಂಕ್ಲಿ ಊರಿನ ಬಾವಿಗಳು ಕೆಟ್ಟದ್ದು ಪ್ಲೇಟಿಂಗ್‌ನಿಂದಲ್ಲ, ಅನಿಲ ಕೊಳವೆ ಮಾರ್ಗದ ಕೇಂದ್ರವೊಂದರ ಶೀತಲೀಕರಣದ ನೀರಿನಿಂದ. 1996ರಲ್ಲಿ ಅಲ್ಲಿನ ಜನರಿಗೆ 33.3 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ‘ಎರಿನ್ ಬ್ರೊಕೊವಿಚ್’ ಸಿನಿಮಾದ ಕಥೆ ಇದೇ.

ಗಟ್ಟಿ ಕಲ್ಲಿನ ನಾಡಿನಲ್ಲಿ

ಲಾಂಗ್ ಐಲ್ಯಾಂಡ್ ಮರಳಿನ ನೆಲ. ಅಲ್ಲಿ ನೀರು ಒಂದೇ ಸಮನೆ ಸಾಗುತ್ತದೆ, ನಾಲಿಗೆಗೊಂದು ಆಕಾರವಿರುತ್ತದೆ. ಬೆಂಗಳೂರಿನ ಅಡಿಯಲ್ಲಿರುವುದು ನೈಸ್ ಶಿಲೆ. ಮೇಲೆ ಶಿಥಿಲಗೊಂಡ ಮಣ್ಣು-ಕಲ್ಲಿನ ಪದರ, ಕೆಳಗೆ ಗಟ್ಟಿ ಬಂಡೆ, ಬಂಡೆಯೊಳಗೆ ಸೀಳುಗಳು. ನೀರು ಓಡುವುದು ಆ ಸೀಳುಗಳಲ್ಲಿ.

ಇದರಿಂದ ತನಿಖೆಯ ಲೆಕ್ಕಾಚಾರವೇ ಬದಲಾಗುತ್ತದೆ. ಷೆಡ್ಡಿನ ಪಕ್ಕದ ಮನೆಯ ಬೋರ್‌ವೆಲ್ ಶುದ್ಧವಾಗಿದ್ದು, ಅರ್ಧ ಕಿಲೋಮೀಟರ್ ಆಚೆಯದು ಕೆಟ್ಟಿರಬಹುದು. ಎರಡನೆಯದು ಅದೇ ಸೀಳಿಗೆ ತಗಲಿದ್ದರೆ ಸಾಕು. ನಾಲ್ಕು ಬಾವಿ ನೋಡಿ ಇಡೀ ಬಡಾವಣೆಗೆ ಅಭಯ ಕೊಡುವ ವರದಿಗಳು ಇಲ್ಲಿ ಅರ್ಥಹೀನ.

ಬೋರ್‌ವೆಲ್ ತಾನೇ ಒಂದು ದಾರಿಯೂ ಹೌದು. ಗಟ್ಟಿ ಕಲ್ಲಿನ ನಾಡಿನಲ್ಲಿ ಕೇಸಿಂಗ್ ಪೈಪನ್ನು ಮೇಲಿನ ಸಡಿಲ ಪದರದವರೆಗೆ ಮಾತ್ರ ಇಳಿಸುತ್ತಾರೆ. ಅದರ ಕೆಳಗೆ ನೂರಾರು ಅಡಿ ಬರೀ ಕಲ್ಲಿನ ತೂತು. ಕೇಸಿಂಗ್‌ನ ಸುತ್ತ ಸಿಮೆಂಟಿನ ಬಿಗಿ ಇಲ್ಲದಿದ್ದರೆ ಮೇಲ್ಪದರದ ಕೊಳೆ ನೇರ ಆಳದ ಸೀಳುಗಳಿಗೆ ಜಾರುತ್ತದೆ. ಬತ್ತಿದ ಬೋರ್‌ವೆಲ್‌ಗೇ ತ್ಯಾಜ್ಯ ಬಿಡುವ ದುಷ್ಟ ಚಾಳಿಯೂ ದೇಶದ ಹಲವು ಕೈಗಾರಿಕಾ ಪ್ರದೇಶಗಳಿಂದ ವರದಿಯಾಗಿದೆ. ತಾನಾಗಿ ಇಳಿಯಲು ಬಹುಕಾಲ ಬೇಕಾಗುವ ಆಳಕ್ಕೆ ನಂಜನ್ನು ಒಂದೇ ರಾತ್ರಿಯಲ್ಲಿ ಇಳಿಸುವ ಕೃತ್ಯ ಅದು. ಅದನ್ನು ಅಪರಾಧ ಎಂದಲ್ಲದೆ ಬೇರೆ ಹೆಸರಿನಿಂದ ಕರೆಯಲಾಗದು.

ಬೆಂಗಳೂರಿನ ವಾಯವ್ಯದಲ್ಲಿರುವ ಪೀಣ್ಯ 1970ರ ದಶಕದಲ್ಲಿ ಬೆಳೆದ ಕೈಗಾರಿಕಾ ಪ್ರದೇಶ. ಸಾವಿರಾರು ಸಣ್ಣ ಘಟಕಗಳು, ಅವುಗಳ ನಡುವೆ ನೂರಾರು ಪ್ಲೇಟಿಂಗ್ ಷೆಡ್ಡುಗಳು. ಬೈಕಿನ ಭಾಗದಿಂದ ವಿಮಾನದ ಭಾಗದವರೆಗೆ ಇಲ್ಲಿ ಲೇಪಗೊಂಡು ಹೋಗುತ್ತವೆ. ಸಾವಿರಾರು ಕುಟುಂಬಗಳ ಅನ್ನ ಇದರಲ್ಲಿದೆ. ಇಲ್ಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಮಿತಿ ಮೀರಿರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ದಾಖಲಿಸಿವೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ ಪೀಣ್ಯ ‘ತೀವ್ರ ಕಲುಷಿತ’ ಪ್ರದೇಶಗಳ ಸಾಲಿನಲ್ಲಿತ್ತು.

ಇಂಥ ಕಡೆ ತನಿಖೆಯ ಕಠಿಣ ಪ್ರಶ್ನೆ ‘ಯಾರದು?’ ಎಂಬುದು. ಒಂದೇ ಬೀದಿಯಲ್ಲಿ ಹತ್ತು ಷೆಡ್ಡು, ಅದರಲ್ಲಿ ಆರು ಮುಚ್ಚಿವೆ, ಮೂರು ಕೈ ಬದಲಾಗಿವೆ. ಬಾಡಿಗೆಗೆ ಬಂದವನು ಹೋಗಿದ್ದಾನೆ, ಜಾಗದ ಒಡೆಯನಿಗೆ ಏನೂ ತಿಳಿಯದು. ಹಳೆಯ ಷೆಡ್ಡು ಕೆಡವಿ ಗೋದಾಮೋ ವಸತಿ ಸಮುಚ್ಚಯವೋ ಎದ್ದರೆ ತೊಟ್ಟಿಯಿದ್ದ ಜಾಗಕ್ಕೇ ಹೊಸ ಬೋರ್‌ವೆಲ್ ಕೊರೆಯಬಹುದು.

ಇನ್ನೊಂದು ಎಚ್ಚರವೂ ಬೇಕು. ಕ್ರೋಮಿಯಂ ಎಲ್ಲ ಕಡೆಯೂ ಮನುಷ್ಯನದೇ ಅಲ್ಲ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿ, ಬೈರಾಪುರದ ಸುತ್ತ, ಕ್ರೋಮೈಟ್ ಅದಿರೇ ಇದೆ. ಅಂಥ ಶಿಲೆಗಳಿಂದ ನೀರಿಗೆ ಸಹಜವಾಗಿಯೂ ಒಂದಿಷ್ಟು ಕ್ರೋಮಿಯಂ ಬರಬಹುದು. ಆದ್ದರಿಂದ ಕೊಳೆಯ ದಾರಿಗೆ ಮೇಲ್ಭಾಗದಲ್ಲಿರುವ, ಯಾವ ಕಾರ್ಖಾನೆಯ ಸೋಂಕೂ ಇಲ್ಲದ ಬಾವಿಯೊಂದನ್ನು ಹೋಲಿಕೆಗೆ ಇಟ್ಟುಕೊಳ್ಳಲೇಬೇಕು. ಪೀಣ್ಯದ ಶಿಲೆ ಅಂಥದ್ದಲ್ಲ. ಅಲ್ಲಿ ಸಿಕ್ಕ ಕ್ರೋಮಿಯಂಗೆ ಪ್ರಕೃತಿಯನ್ನು ದೂರುವಂತಿಲ್ಲ.

ಪತ್ತೆಯಾದ ಮೇಲೆ

ಅಮೆರಿಕದ ಆರೆಗನ್ ರಾಜ್ಯದ ಕೊರ್ವಾಲಿಸ್‌ನಲ್ಲಿ ವಿಮಾನ ನಿಲ್ದಾಣದ ಬಳಿ ‘ಯುನೈಟೆಡ್ ಕ್ರೋಮ್ ಪ್ರಾಡಕ್ಟ್ಸ್’ ಎಂಬ ಸಣ್ಣ ಷೆಡ್ಡು 1956ರಿಂದ 1985ರವರೆಗೆ ಯಂತ್ರಭಾಗಗಳಿಗೆ ಗಟ್ಟಿ ಕ್ರೋಮ್ ಲೇಪಿಸುತ್ತಿತ್ತು. ತೊಟ್ಟಿಗಳು ಸೋರಿದವು, ತೊಳೆದ ನೀರನ್ನು ಹಿತ್ತಿಲ ಇಂಗುಗುಂಡಿಗೆ ಬಿಟ್ಟರು. ತನಿಖೆಯಲ್ಲಿ ಸಿಕ್ಕ ಅಂಕಿ ನಂಬಲು ಕಷ್ಟ: ಅಂತರ್ಜಲದ ಲೀಟರಿನಲ್ಲಿ 19,000 ಮಿಲಿಗ್ರಾಂವರೆಗೆ ಹೆಕ್ಸಾವೇಲೆಂಟ್ ಕ್ರೋಮಿಯಂ. ಅಮೆರಿಕದ ಮಿತಿಯ 1.9 ಲಕ್ಷ ಪಟ್ಟು. ಅದು ಅಂತರ್ಜಲ ಎನ್ನುವುದಕ್ಕಿಂತ ನೆಲದೊಳಗೆ ಸೇರಿಕೊಂಡ ಬಾತ್ ಎನ್ನುವುದೇ ಸರಿ.

ಅಲ್ಲಿ 1988ರಿಂದ ಹಿಡಿದ ದಾರಿ ಎತ್ತಿ ಶುದ್ಧೀಕರಿಸುವುದು. ತೊಟ್ಟಿಗಳಿದ್ದ ಜಾಗದಲ್ಲಿ ಹೊಂಡ ಮಾಡಿ ಶುದ್ಧ ನೀರು ಇಂಗಿಸಿದರು, ಸುತ್ತಲಿನ ಬಾವಿಗಳಿಂದ ಹಳದಿ ನೀರು ಎತ್ತಿದರು. ಬಟ್ಟೆಯನ್ನು ಮತ್ತೆ ಮತ್ತೆ ಜಾಲಾಡಿದಂತೆ ಮಣ್ಣನ್ನು ಜಾಲಾಡಿದರು. ಮೊದಮೊದಲು ಅಂಶ ಸರಸರನೆ ಇಳಿಯುತ್ತದೆ. ಆಮೇಲೆ ಜೇಡಿಪದರದ ಒಳಗೆ ಸೇರಿಕೊಂಡದ್ದು ಒಂದಿಷ್ಟೊಂದಿಷ್ಟೇ ಹೊರಬರುತ್ತಾ ವರ್ಷಗಟ್ಟಲೆ ಕಾಡುತ್ತದೆ.

ಉತ್ತರ ಕ್ಯಾರೊಲಿನಾದ ಎಲಿಜಬೆತ್ ಸಿಟಿಯಲ್ಲಿ ಬೇರೆಯೇ ಉಪಾಯ ಹೂಡಿದರು. ಅಲ್ಲಿನ ಕರಾವಳಿ ರಕ್ಷಣಾ ಪಡೆಯ ನೆಲೆಯಲ್ಲಿ ಪಾಸ್ಕೊಟ್ಯಾಂಕ್ ನದಿಯಿಂದ ಸುಮಾರು 60 ಮೀಟರ್ ದೂರದಲ್ಲಿದ್ದ ಪ್ಲೇಟಿಂಗ್ ಶಾಪು ಮೂವತ್ತಕ್ಕೂ ಹೆಚ್ಚು ವರ್ಷ ನಡೆದು 1984ರಲ್ಲಿ ಮುಚ್ಚಿತ್ತು. ನಾಲ್ಕು ವರ್ಷದ ಮೇಲೆ ನೋಡಿದರೆ ಕಾಂಕ್ರೀಟ್ ನೆಲದಲ್ಲೊಂದು ತೂತು, ಅದರ ಕೆಳಗೆ ಕ್ರೋಮಿಯಂ ತುಂಬಿದ ಮಣ್ಣು. ನಂಜು ನದಿಯತ್ತ ಹೊರಟಾಗಿತ್ತು.

1996ರ ಜೂನ್‌ನಲ್ಲಿ ನಂಜಿನ ದಾರಿಗೆ ಅಡ್ಡಲಾಗಿ ನೆಲದೊಳಗೆ ಒಂದು ಗೋಡೆ ಎಬ್ಬಿಸಿದರು. 46 ಮೀಟರ್ ಉದ್ದ, 7.3 ಮೀಟರ್ ಆಳ, 0.6 ಮೀಟರ್ ದಪ್ಪ. ಒಳಗೆ ತುಂಬಿದ್ದು ಕಬ್ಬಿಣದ ಪುಡಿ, ಸುಮಾರು 450 ಟನ್. ಕಂದಕ ತೋಡುತ್ತಲೇ ತುಂಬುವ ಯಂತ್ರದಿಂದ ಈ ಕೆಲಸ ಒಂದು ದಿನದೊಳಗೆ ಮುಗಿಯಿತು. ಪಂಪಿಲ್ಲ, ಕರೆಂಟಿಲ್ಲ. ನೀರು ಗೋಡೆಯ ಮೂಲಕ ಹಾಯುವಾಗ ಕಬ್ಬಿಣ ತಾನು ತುಕ್ಕಾಗುತ್ತಾ ತನ್ನ ಎಲೆಕ್ಟ್ರಾನ್‌ಗಳನ್ನು ಕ್ರೋಮಿಯಂಗೆ ಕೊಡುತ್ತದೆ. ಓಡಾಡುವ ಹೆಕ್ಸಾವೇಲೆಂಟ್ ರೂಪ ಸೋಮಾರಿ ಟ್ರೈವೇಲೆಂಟ್ ಆಗಿ ಅಲ್ಲೇ ಕೂರುತ್ತದೆ. ಹದಿನೈದು ವರ್ಷದ ಮೇಲೆ ಪರೀಕ್ಷಿಸಿದಾಗಲೂ ಗೋಡೆ ಕ್ರೋಮಿಯಂ ತಡೆಯುತ್ತಿತ್ತು. ತುಕ್ಕು ತಡೆಯಲು ಬಳಸಿದ ಲೋಹವನ್ನು ಕಡೆಗೆ ತುಕ್ಕೇ ಹಿಡಿದು ನಿಲ್ಲಿಸಿತು.

ಈ ಗೋಡೆ ಕೆಲಸ ಮಾಡಿದ್ದು ಅದನ್ನು ಸರಿಯಾದ ಜಾಗದಲ್ಲಿ, ಸರಿಯಾದ ಆಳಕ್ಕೆ ಇಳಿಸಿದ್ದರಿಂದ. ಅದನ್ನು ಹೇಳಿಕೊಟ್ಟದ್ದು ವರ್ಷಗಳ ತನಿಖೆ. ಇತ್ತ ಮ್ಯಾಡಿಸನ್ ಹೈಟ್ಸ್‌ನಲ್ಲಿ ನೆಲಮಾಳಿಗೆಯಲ್ಲೂ ಹೆದ್ದಾರಿಯ ಬದಿಯಲ್ಲೂ ಪಂಪು ಕೂರಿಸಿ, ದಂಡೆಯುದ್ದ ಕಂದಕ ತೋಡಿ ಲಕ್ಷಾಂತರ ಲೀಟರ್ ವಿಷನೀರನ್ನು ಹಿಡಿಯಬೇಕಾಯಿತು. 2022ರ ಮೇ ತಿಂಗಳಲ್ಲಿ ಕಟ್ಟಡವನ್ನು ಕೆಡವಿದರು. 2017ರಲ್ಲೇ ನಾಲ್ಕು ರಂಧ್ರ ಕೊರೆದು ನೋಡಿದ್ದರೆ ಗೋಡೆಯಿಂದ ಹಸಿರು ನೀರು ಇಳಿಯುವವರೆಗೆ ಕಾಯಬೇಕಿರಲಿಲ್ಲ.

ಹೊಸ ನಿಯಮ, ಹಳೆಯ ಬೀದಿ

ಅಮೆರಿಕ 1980ರಲ್ಲಿ ‘ಸೂಪರ್‌ಫಂಡ್’ ಕಾಯ್ದೆ ತಂದು, ಕೆಡಿಸಿದವರಿಂದಲೇ ಖರ್ಚು ವಸೂಲಿ ಮಾಡುವ ದಾರಿ ಮಾಡಿಕೊಂಡಿತು. ಭಾರತದಲ್ಲಿ ವೆಲ್ಲೂರಿನ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ‘ಕೆಡಿಸಿದವನೇ ಭರಿಸಬೇಕು’ ಎಂಬ ತತ್ವವನ್ನು ಎತ್ತಿಹಿಡಿಯಿತು. ಆದರೆ ಕೆಟ್ಟ ಜಾಗವನ್ನು ಗುರುತಿಸಿ, ತನಿಖೆ ಮಾಡಿ, ಸರಿಪಡಿಸುವ ಪ್ರತ್ಯೇಕ ನಿಯಮ ಬಂದದ್ದು 2025ರ ಜುಲೈನಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ. ಅದರ ಪ್ರಕಾರ ಶಂಕಿತ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಗಡುವಿನೊಳಗೆ ಪ್ರಾಥಮಿಕ ಪರೀಕ್ಷೆ, ಆಮೇಲೆ ವಿವರ ತನಿಖೆ ನಡೆಸಬೇಕು.

ಪಟ್ಟಿಗೆ ಸೇರಬೇಕಾದ ಜಾಗಗಳು ಅಧಿಕಾರಿಗಳಿಗಿಂತ ಮೊದಲು ಬೀದಿಯ ಜನರಿಗೆ ಗೊತ್ತಿರುತ್ತವೆ. ಮುಚ್ಚಿದ ಪ್ಲೇಟಿಂಗ್ ಷೆಡ್ಡಿನ ಹತ್ತಿರ ಬೋರ್‌ವೆಲ್ ನೀರು ಬಳಸುವವರು ಗಡಸುತನ, ಟಿಡಿಎಸ್ ನೋಡಿ ಸುಮ್ಮನಾಗಬಾರದು. ಮಾಮೂಲಿ ಪರೀಕ್ಷೆಯಲ್ಲಿ ಕ್ರೋಮಿಯಂ ಇರುವುದಿಲ್ಲ. ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಹೋಗಿ ‘ಒಟ್ಟು ಕ್ರೋಮಿಯಂ’ ಮತ್ತು ‘ಹೆಕ್ಸಾವೇಲೆಂಟ್ ಕ್ರೋಮಿಯಂ’ ಎರಡನ್ನೂ ಹೆಸರಿಟ್ಟು ಕೇಳಿ. ಮಾದರಿಯನ್ನು ಅದೇ ದಿನ ತಲುಪಿಸಿ. ಅಂಕಿ 0.05 ದಾಟಿದ್ದರೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸುವುದನ್ನು ನಿಲ್ಲಿಸಿ, ವರದಿಯ ಪ್ರತಿಯೊಂದಿಗೆ ಮಂಡಳಿಗೂ ಜಿಲ್ಲಾಧಿಕಾರಿಗೂ ಲಿಖಿತ ದೂರು ಕೊಡಿ. ಷೆಡ್ಡಿನಲ್ಲಿ ಕೆಲಸ ಮಾಡಿದವರು ಇನ್ನೂ ಊರಲ್ಲಿದ್ದರೆ, ತೊಟ್ಟಿ ಎಲ್ಲಿತ್ತು ಎಂದು ಇಂದೇ ಕೇಳಿ ಬರೆದಿಟ್ಟುಕೊಳ್ಳಿ.